ಸಾಕಾಗುವಷ್ಟೇ, ಜಾಸ್ತಿ ಅಲ್ಲ: ಡಿ1 ಔಷಧಿಯ ಲ್ಯಾಬ್ ಕಥೆ

(ಮೈಯ ಚಲನೆ ಕುಂದಿಸುವ ಪಾರ್ಕಿನ್ಸನ್ ರೋಗ ಇರುವವರ ಮನೆಯವರು, ಜೊತೆಗೆ ಒಂದಷ್ಟು ಫಾರ್ಮಸಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಮಾತಾಡಿದ್ದರ ಬರಹ ರೂಪ ಇದು. ಬೋರ್ಡಿನ ಮೇಲೆ ಗೀಚಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಸುಮಾರು ಜನರ ಮನೆಯಲ್ಲಿ ಪಾರ್ಕಿನ್ಸನ್‌ಗೆ ಕೊಡುವ ಸಿಂಡೋಪಾ ಮಾತ್ರೆ ಇದೆ. ಕೆಲವರ ಮನೆಯಲ್ಲಿ ಅದರ ಜೊತೆ ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಕೂಡ ಇದೆ. ನಾನು ಹೇಳಲು ಬಂದಿರುವುದು ಇವೆರಡೂ ಅಲ್ಲದ ಇನ್ನೊಂದು ಬಗೆಯ ಔಷಧಿಯ ಬಗ್ಗೆ. ಡೋಪಮೀನ್ ಅಂದರೆ ಮೆದುಳಿನಲ್ಲಿ ಒಂದು ಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ರಾಸಾಯನಿಕ. ಅದು ಕೂರುವ ಜಾಗಗಳಿಗೆ ರಿಸೆಪ್ಟರ್ ಅನ್ನುತ್ತೇವೆ. ಅದರಲ್ಲಿ ಡಿ1 ಅನ್ನುವ ಒಂದು ಬಗೆಯ ರಿಸೆಪ್ಟರನ್ನು ಆರಿಸಿಕೊಂಡು, ಡೋಪಮೀನ್ ಬಂದಾಗ ಆಗುವ ಕೆಲಸವನ್ನು ತಾನೇ ಮಾಡಿಸುವ ಔಷಧಿ ಅದು. ಇಂಥದ್ದು ಲ್ಯಾಬಿಗೆ ಮೊದಲು ಬಂದದ್ದು 1970ರ ದಶಕದ ಕೊನೆಯಲ್ಲಿ. ದೊಡ್ಡ ಪ್ರಯೋಗಗಳಲ್ಲಿ ರೋಗಿಗಳಿಗೆ ಉಪಯೋಗವಾಯಿತು ಎಂಬ ಸುದ್ದಿ ಬಂದದ್ದು 2024ರಲ್ಲಿ. ನಡುವೆ ಇಷ್ಟು ವರ್ಷ ಯಾಕೆ ಹಿಡಿಯಿತು? ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಮೊದಲು ಮೊಲಗಳ ವಿಷಯ ಹೇಳಿಬಿಡುತ್ತೇನೆ. ನಮ್ಮ ಸರ್ಪಗಂಧದ ಬೇರು ಗೊತ್ತಲ್ಲ, ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುತ್ತದೆ, ನಾಟಿ ವೈದ್ಯರು ಹಿಂದಿನಿಂದಲೂ ಬಳಸಿದ್ದು. ಅದು ಬಿಪಿ ಇಳಿಸುತ್ತದೆ ಎಂದು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದಯ ವೈದ್ಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರಿಸರ್ಪಿನ್ ಅನ್ನುವ ರಾಸಾಯನಿಕವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಈ ರಿಸರ್ಪಿನ್ನನ್ನು ಮೊಲಗಳಿಗೆ ಕೊಟ್ಟರು. ಮೊಲಗಳ ಕಿವಿ ಜೋತುಬಿದ್ದವು, ಮೈ ಅಲ್ಲಾಡಿಸದೆ ಬಿದ್ದುಕೊಂಡವು. ಸಿರೊಟೋನಿನ್ ಅನ್ನುವ ಮೆದುಳಿನ ಇನ್ನೊಂದು ರಾಸಾಯನಿಕ ಆಗುವ ಕಚ್ಚಾವಸ್ತು ಕೊಟ್ಟರೆ ಏನೂ ಆಗಲಿಲ್ಲ. ಡೋಪಮೀನ್ ಆಗುವ ಕಚ್ಚಾವಸ್ತು, ಅಂದರೆ ಡೋಪಾ, ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಕಿವಿ ನಿಮಿರಿಸಿಕೊಂಡು ಎದ್ದು ಓಡಾಡಿದವು. ಇದು 1957ರ ಮಾತು. ಮೂರು ವರ್ಷದ ಮೇಲೆ ವಿಯೆನ್ನಾದಲ್ಲಿ ಹಾರ್ನಿಕೀವಿಚ್ ಮತ್ತು ಎಹ್ರಿಂಗರ್, ಪಾರ್ಕಿನ್ಸನ್ನಿನಿಂದ ಸತ್ತವರ ಮೆದುಳಿನ ಒಳಭಾಗದಲ್ಲಿ ಡೋಪಮೀನ್ ತುಂಬ ಕಮ್ಮಿ ಇರುವುದನ್ನು ಕಂಡರು. ನಿಮ್ಮ ಮನೆಯ ಸಿಂಡೋಪಾದಲ್ಲಿರುವ ಲೆವೊಡೋಪಾ ಬಂದದ್ದು ಈ ದಾರಿಯಲ್ಲಿ. ಕಾರ್ಲ್ಸನ್‌ಗೆ 2000ರಲ್ಲಿ ನೊಬೆಲ್ ಬಂತು.

ಲೆವೊಡೋಪಾ ಒಳ್ಳೆಯ ಔಷಧಿ. ಇವತ್ತಿಗೂ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಅದನ್ನು ಡೋಪಮೀನ್ ಮಾಡಿ, ಕೂಡಿಟ್ಟು, ಬೇಕಾದಾಗ ಬಿಡುವ ನರಕೋಶಗಳೇ ಈ ರೋಗದಲ್ಲಿ ಸಾಯುತ್ತಾ ಹೋಗುತ್ತವೆ. ಹಾಗಾಗಿ ವರ್ಷಗಳು ಕಳೆದಂತೆ ಮಾತ್ರೆಯ ಶಕ್ತಿ ಬೇಗ ಇಳಿಯುತ್ತದೆ. ಬೆಳಿಗ್ಗೆ ಎಂಟಕ್ಕೆ ತಗೊಂಡರೆ ಹನ್ನೊಂದಕ್ಕೇ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತದೆ. ಡೋಸ್ ಜಾಸ್ತಿ ಮಾಡಿದರೆ ಮೈ ಕೈ ತಾನಾಗಿ ಹೊರಳಾಡುತ್ತದೆ. ಇದನ್ನು ನಾನು ಹೇಳಬೇಕಾಗಿಲ್ಲ, ನೀವು ದಿನಾ ನೋಡುತ್ತೀರಿ.

ಆಗ ಬಂದ ಯೋಚನೆ ಸರಳವಾದದ್ದು. ಸಾಯುತ್ತಿರುವ ಕೋಶಗಳನ್ನು ನಂಬಿಕೊಳ್ಳುವುದು ಬೇಡ, ಅವುಗಳಿಂದ ಡೋಪಮೀನ್ ಪಡೆಯುವ ಕೋಶಗಳು ಚೆನ್ನಾಗೇ ಇವೆಯಲ್ಲ, ಅವುಗಳ ರಿಸೆಪ್ಟರಿಗೇ ನೇರವಾಗಿ ಔಷಧಿ ಕೊಡೋಣ. ಆದರೆ ಯಾವ ರಿಸೆಪ್ಟರಿಗೆ? ಜಾನ್ ಕೆಬೇಬಿಯನ್ ಮತ್ತು ಡೊನಾಲ್ಡ್ ಕಾಲ್ನ್ 1979ರಲ್ಲಿ ಡೋಪಮೀನ್ ರಿಸೆಪ್ಟರ್ ಒಂದೇ ಅಲ್ಲ, ಎರಡು ಬಗೆ ಇವೆ ಎಂದು ನೇಚರ್ ಪತ್ರಿಕೆಯಲ್ಲಿ ಬರೆದರು. ಕೋಶದೊಳಗೆ ಸೈಕ್ಲಿಕ್ ಎಎಂಪಿ ಅನ್ನುವ ಸಂದೇಶದ ಅಣುವನ್ನು ಹೆಚ್ಚಿಸುವುದು ಡಿ1, ಹೆಚ್ಚಿಸದೇ ಇರುವುದು ಡಿ2. ಡಿ2 ಅದನ್ನು ತಗ್ಗಿಸುತ್ತದೆ ಎನ್ನುವುದು ಆಮೇಲೆ ಖಚಿತವಾಯಿತು. 1988ರಿಂದ 1991ರ ಒಳಗೆ ಇವುಗಳ ಜೀನ್‌ಗಳು ಒಂದೊಂದಾಗಿ ಸಿಕ್ಕವು. ಒಟ್ಟು ಐದು. ಡಿ1, ಡಿ5 ಒಂದು ಕಡೆ. ಡಿ2, ಡಿ3, ಡಿ4 ಇನ್ನೊಂದು ಕಡೆ.

ಹೀಗೆ ರಿಸೆಪ್ಟರಿಗೆ ಅಂಟಿ ಡೋಪಮೀನಿನ ಕೆಲಸ ಮಾಡಿಸುವ ಔಷಧಿಗೆ ಅಗೋನಿಸ್ಟ್ ಅನ್ನುತ್ತೇವೆ. ಅಂಗಡಿಗೆ ಬಂದ ಅಗೋನಿಸ್ಟ್ ಮಾತ್ರೆಗಳು ಮುಖ್ಯವಾಗಿ ಕೆಲಸ ಮಾಡುವುದು ಈ ಇನ್ನೊಂದು ಕಡೆಯವುಗಳ ಮೇಲೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎರಡೂ ಡಿ2, ಡಿ3 ಔಷಧಿಗಳು. ಉಪಯೋಗ ಇದೆ, ಸುಳ್ಳಲ್ಲ. ಜೊತೆಗೆ ಕೆಲವರಿಗೆ ಕೂತಲ್ಲೇ ನಿದ್ದೆ ಬರುತ್ತದೆ, ಕೆಲವರಿಗೆ ಜೂಜಿನ, ಖರೀದಿಯ ಹುಚ್ಚು ಹಿಡಿಯುತ್ತದೆ. ಡಿ3 ಜಾಸ್ತಿ ಇರುವುದೇ ಆಸೆ ಮತ್ತು ಸುಖಕ್ಕೆ ಸಂಬಂಧಪಟ್ಟ ಭಾಗದಲ್ಲಿ.

ಹಾಗಾದರೆ ಡಿ1 ಯಾಕೆ ಬಿಟ್ಟರು? ಮೆದುಳಿನಲ್ಲಿ ಡೋಪಮೀನ್ ರಿಸೆಪ್ಟರ್‌ಗಳ ಪೈಕಿ ಅತಿ ಹೆಚ್ಚು ಇರುವುದು ಡಿ1. ಮೈಯ ಚಲನೆಗೆ ಹಸಿರು ನಿಶಾನೆ ಕೊಡುವ ನೇರ ಹಾದಿಯ ಕೋಶಗಳಲ್ಲಿ ಇರುವುದು ಅದೇ. ಬಿಟ್ಟದ್ದಲ್ಲ, ಕೈಗೆ ಸಿಗಲಿಲ್ಲ. ಈಗ ಅಸಲು ವಿಷಯಕ್ಕೆ ಬರೋಣ.

ಸ್ಮಿತ್‌ಕ್ಲೈನ್ ಅಂಡ್ ಫ್ರೆಂಚ್ ಕಂಪನಿಯ ಲ್ಯಾಬಿನಲ್ಲಿ 1970ರ ದಶಕದ ಕೊನೆಗೆ ಎಸ್‌ಕೆಎಫ್-38393 ಅನ್ನುವ ರಾಸಾಯನಿಕ ಬಂತು. ಅದು ಡಿ1 ಅನ್ನು ಆರಿಸಿ ಹಿಡಿಯುತ್ತಿತ್ತು. ಅದನ್ನು ಪರೀಕ್ಷೆ ಮಾಡಿದ್ದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡಿ.

ಸ್ವೀಡನ್ನಿನ ಉಂಗರ್‌ಸ್ಟೆಟ್ ಮಾಡಿಕೊಟ್ಟ ವಿಧಾನ ಅದು. ಇಲಿಯ ಮೆದುಳಿನ ಒಂದೇ ಬದಿಗೆ, ಎಡಕ್ಕೆ ಅನ್ನಿ, 6-ಹೈಡ್ರಾಕ್ಸಿಡೋಪಮೀನ್ ಅನ್ನುವ ವಿಷವನ್ನು ಸಣ್ಣ ಸೂಜಿಯಿಂದ ಬಿಡುತ್ತಾರೆ. ಆ ಬದಿಯ ಡೋಪಮೀನ್ ಕೋಶಗಳು ಸಾಯುತ್ತವೆ, ಬಲಬದಿ ಹಾಗೇ ಇರುತ್ತದೆ. ಕೆಲವು ವಾರ ಬಿಟ್ಟು ಇಲಿಗೆ ಒಂದು ಪಟ್ಟಿ ಕಟ್ಟಿ, ಅದರ ತಂತಿಯನ್ನು ಮೇಲಿನ ಎಣಿಕೆ ಯಂತ್ರಕ್ಕೆ ಸೇರಿಸಿ, ದುಂಡನೆಯ ಬೋಗುಣಿಯಲ್ಲಿ ಬಿಡುತ್ತಾರೆ. ಔಷಧಿ ಚುಚ್ಚುತ್ತಾರೆ. ಡೋಪಮೀನ್ ರಿಸೆಪ್ಟರನ್ನು ನೇರವಾಗಿ ಎಬ್ಬಿಸುವ ಔಷಧಿಯಾದರೆ ಇಲಿ ಬಲಕ್ಕೆ ಸುತ್ತತೊಡಗುತ್ತದೆ. ಸುಮ್ನೆ ತಿರುಗುವುದಲ್ಲ, ತನ್ನ ಬಾಲವನ್ನೇ ಹಿಡಿಯುವ ಹಾಗೆ ಬಿಗಿಯಾಗಿ ಸುತ್ತುತ್ತದೆ. ಯಂತ್ರ ಸುತ್ತು ಎಣಿಸುತ್ತದೆ. ಎಸ್‌ಕೆಎಫ್-38393 ಕೊಟ್ಟಾಗ ಇಲಿಗಳು ಚೆನ್ನಾಗಿ ಸುತ್ತಿದವು. ಎಲ್ಲರಿಗೂ ಖುಷಿಯಾಯಿತು.

ಆಮೇಲೆ ಮಂಗಗಳಿಗೆ ಕೊಟ್ಟರು. ಇಲ್ಲಿ ಒಂದು ಮಾತು ಹೇಳಬೇಕು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಲ್ಲಿ ತಯಾರಿಸಿದ ಮಾದಕದ್ರವ್ಯ ಚುಚ್ಚಿಕೊಂಡ ಕೆಲವು ಯುವಕ ಯುವತಿಯರು ರಾತ್ರೋರಾತ್ರಿ ಪಾರ್ಕಿನ್ಸನ್ ಬಂದವರಂತೆ ಮರಗಟ್ಟಿ ಹೋದರು. ಅದರಲ್ಲಿದ್ದ ಎಂಪಿಟಿಪಿ ಅನ್ನುವ ವಿಷವೇ ಕಾರಣ ಎಂದು ಡಾ. ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಜೊತೆಯವರು ಪತ್ತೆ ಮಾಡಿದರು. ಮರುವರ್ಷವೇ ಅದರಿಂದ ಮಂಗಗಳಲ್ಲಿ ಪಾರ್ಕಿನ್ಸನ್ ತರಿಸಿ ಔಷಧಿ ಪರೀಕ್ಷಿಸುವ ವಿಧಾನ ಬಂತು. ಆ ಯುವಜನರ ದುರಂತ, ಆ ಮಂಗಗಳ ನೋವು ಎರಡೂ ಇಲ್ಲದಿದ್ದರೆ ನಮಗೆ ಇಂದು ಗೊತ್ತಿರುವುದರಲ್ಲಿ ಅರ್ಧವೂ ಗೊತ್ತಿರುತ್ತಿರಲಿಲ್ಲ. ಇದನ್ನು ಮರೆತು ಈ ಕಥೆ ಹೇಳುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈ ಮಂಗಗಳಲ್ಲಿ ಎಸ್‌ಕೆಎಫ್-38393 ಕೆಲಸಕ್ಕೆ ಬರಲಿಲ್ಲ. ಪಾರ್ಕಿನ್ಸನ್ ಇರುವ ಮನುಷ್ಯರಿಗೆ ಕೊಟ್ಟು ನೋಡಿದಾಗಲೂ ಬರಲಿಲ್ಲ. ಡಿ1 ದಾರಿಯೇ ತಪ್ಪು ಎಂದು ಎಷ್ಟೋ ಜನ ಕೈಬಿಟ್ಟರು.

ತಪ್ಪು ಎಲ್ಲಿತ್ತು ಗೊತ್ತಾ? ಎಸ್‌ಕೆಎಫ್-38393 ಪಾರ್ಷಿಯಲ್ ಅಗೋನಿಸ್ಟ್. ಫ್ಯಾನಿನ ರೆಗ್ಯುಲೇಟರ್ ನೆನೆಸಿಕೊಳ್ಳಿ. ಡೋಪಮೀನ್ ಅದನ್ನು ಐದಕ್ಕೆ ತಿರುಗಿಸಿದರೆ ಈ ಔಷಧಿ ಎಷ್ಟೇ ಸುರಿದರೂ ಎರಡಕ್ಕಿಂತ ಮೇಲೆ ಹೋಗುವುದಿಲ್ಲ. ಹಾಗಾದರೆ ಇಲಿ ಯಾಕೆ ಅಷ್ಟು ಜೋರಾಗಿ ಸುತ್ತಿತು? ಡೋಪಮೀನೇ ಸಿಗದೆ ವಾರಗಟ್ಟಲೆ ಇದ್ದ ಆ ಎಡಬದಿಯ ಕೋಶಗಳು ಅತಿ ಸೂಕ್ಷ್ಮವಾಗಿಬಿಟ್ಟಿದ್ದವು. ಅಲ್ಲಿ ಸಣ್ಣ ಸಂಕೇತವೂ ದೊಡ್ಡ ಪರಿಣಾಮ ಮಾಡುತ್ತಿತ್ತು. ಅಂದರೆ ಇಲಿಯಲ್ಲಿ ಕಂಡದ್ದು ಔಷಧಿಯ ಬಲ ಅಲ್ಲ, ಪರೀಕ್ಷೆಯ ಗುಣ. ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಗಮನಿಸಬೇಕು. ರಿಸೆಪ್ಟರಿಗೆ ಅಂಟಿಕೊಳ್ಳುತ್ತದಾ ಅನ್ನುವುದು ಒಂದು ಪ್ರಶ್ನೆ, ಅಂಟಿಕೊಂಡು ಎಷ್ಟು ಕೆಲಸ ಮಾಡಿಸುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ. ಎರಡನೆಯದನ್ನು ಕೇಳದೆ ಒಂದಿಡೀ ದಾರಿಯನ್ನೇ ಮುಚ್ಚಿಬಿಡುವುದರಲ್ಲಿದ್ದರು.

ಮುಚ್ಚಲು ಬಿಡದವರು ಇಬ್ಬರು. ಪರ್ಡ್ಯೂ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಡೇವಿಡ್ ನಿಕೋಲ್ಸ್, ನಾರ್ತ್ ಕೆರೊಲಿನಾದ ರಿಚರ್ಡ್ ಮೇಲ್ಮನ್. ಅವರ ತಂಡ 1989ರ ಹೊತ್ತಿಗೆ ಡೈಹೈಡ್ರೆಕ್ಸಿಡೀನ್ ಅನ್ನುವ ಪೂರ್ತಿ ಬಲದ ಡಿ1 ಅಗೋನಿಸ್ಟ್ ತಂದಿತು. 1991ರಲ್ಲಿ ಎಂಪಿಟಿಪಿ ಮಂಗಗಳಿಗೆ ಕೊಟ್ಟಾಗ ಅಲ್ಲಾಡದೆ ಕೂತಿದ್ದವು ಚೇತರಿಸಿಕೊಂಡು ಓಡಾಡಿದವು. ಡಿ1 ದಾರಿ ತಪ್ಪಲ್ಲ ಎಂದು ಆಗ ಖಾತ್ರಿಯಾಯಿತು. ಆದರೆ ಆ ಅಣುವಿನಲ್ಲಿ ಕ್ಯಾಟೆಕಾಲ್ ಅನ್ನುವ ಭಾಗ ಇತ್ತು, ಡೋಪಮೀನಿನಲ್ಲೂ ಇರುವಂಥದ್ದೇ. ಡಿ1 ಹಿಡಿಯಲು ಅದೇ ಬೇಕು ಎಂದು ಆಗ ಎಲ್ಲರೂ ನಂಬಿದ್ದರು. ಕ್ಯಾಟೆಕಾಲ್ ಕಂಡರೆ ನಮ್ಮ ಕರುಳು ಮತ್ತು ಯಕೃತ್ತಿನ ಕಿಣ್ವಗಳು ಬಿಡುವುದಿಲ್ಲ, ಕೂಡಲೇ ಮುರಿದು ಹಾಕುತ್ತವೆ. ಮಾತ್ರೆಯಾಗಿ ನುಂಗಿದರೆ ಮೆದುಳಿಗೆ ತಲುಪುವುದು ಏನೂ ಉಳಿಯುವುದಿಲ್ಲ. ರಕ್ತಕ್ಕೆ ನೇರವಾಗಿ ಕೊಟ್ಟರೆ ಬಿಪಿ ಕುಸಿಯುತ್ತದೆ, ಯಾಕೆಂದರೆ ಕಿಡ್ನಿಯ ರಕ್ತನಾಳಗಳಲ್ಲೂ ಡಿ1 ಇದೆ. (ಈ ತೊಂದರೆಯನ್ನೇ ಉಪಯೋಗಕ್ಕೆ ಹಚ್ಚಿದವರೂ ಇದ್ದಾರೆ. ಮೆದುಳಿಗೆ ಹೋಗದ ಡಿ1 ಔಷಧಿ ಫೆನಾಲ್ಡೋಪಾಮ್, ವಿಪರೀತ ಏರಿದ ಬಿಪಿ ಇಳಿಸಲು ಆಸ್ಪತ್ರೆಯಲ್ಲಿ ಕೊಡುವ ಔಷಧಿ, ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಪಡೆಯಿತು.)

ಅಬಾಟ್ ಕಂಪನಿಯವರು ಬೇರೆ ತುದಿಗೆ ಹೋದರು. ಅವರ ಎ-77636 ಬಲವಾದದ್ದು, ಬಾಯಿಂದ ಕೊಟ್ಟರೂ ಕೆಲಸ ಮಾಡುತ್ತಿತ್ತು, ಪರಿಣಾಮ ತುಂಬ ಹೊತ್ತು ಉಳಿಯುತ್ತಿತ್ತು. ಇದಕ್ಕಿಂತ ಇನ್ನೇನು ಬೇಕು ಅನ್ನಿಸುತ್ತದೆ, ಅಲ್ವಾ? ಮೊದಲ ದಿನ ಪ್ರಾಣಿಗಳು ಚುರುಕಾದವು. ದಿನಾ ಕೊಡುತ್ತಾ ಹೋದಂತೆ ಕೆಲವೇ ದಿನಗಳಲ್ಲಿ ಪರಿಣಾಮ ಇಳಿದುಹೋಯಿತು. ಯಾಕೆಂದರೆ ಸತತವಾಗಿ ಬಡಿಯುತ್ತಿದ್ದರೆ ಕೋಶವು ರಿಸೆಪ್ಟರನ್ನು ಹೊರಮೈಯಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಡೋಪಮೀನ್ ಕೂತು ಎದ್ದುಹೋದರೆ ರಿಸೆಪ್ಟರ್ ಬೇಗ ಮೇಲೆ ಬರುತ್ತದೆ. ಎ-77636 ಕೂತರೆ ಒಳಗೇ ಉಳಿದುಬಿಡುತ್ತದೆ. ಒಂದು ಔಷಧಿ ಬಲ ಕಮ್ಮಿಯಾಗಿ ಸೋತಿತು, ಒಂದು ಹೊತ್ತು ಕಮ್ಮಿಯಾಗಿ ಸೋತಿತು, ಇದು ಎರಡೂ ಜಾಸ್ತಿಯಾಗಿ ಸೋತಿತು. ಅದೇ ಕಂಪನಿಯ ಎಬಿಟಿ-431 ಅನ್ನು ರಕ್ತನಾಳಕ್ಕೆ ಕೊಟ್ಟಾಗ 1999ರ ಅಧ್ಯಯನದಲ್ಲಿ ರೋಗಿಗಳಿಗೆ ಲೆವೊಡೋಪಾದಷ್ಟೇ ಗುಣ ಕಂಡಿತು. ಅದು ಮನುಷ್ಯರಲ್ಲಿ ಸಿಕ್ಕ ಮೊದಲ ಗಟ್ಟಿ ಸಾಕ್ಷಿ. ಅದೂ ಮಾತ್ರೆಯಾಗಲಿಲ್ಲ.

ಇಷ್ಟು ಹೊತ್ತು ಕೈಕಾಲಿನ ಮಾತಾಯಿತು. ಡಿ1 ಹಣೆಯ ಹಿಂದಿನ ಮೆದುಳಿನಲ್ಲೂ ಇದೆ. ನನಗೆ ಈ ಇಡೀ ಸಂಶೋಧನೆಯಲ್ಲಿ ಅತಿ ಇಷ್ಟದ ಕೆಲಸ ನಡೆದದ್ದು ಅಲ್ಲೇ, ಯೇಲ್ ವಿಶ್ವವಿದ್ಯಾಲಯದಲ್ಲಿ, ಪೆಟ್ರೀಶಿಯಾ ಗೋಲ್ಡ್‌ಮನ್-ರಾಕಿಚ್ ಮತ್ತು ಏಮಿ ಆರ್ನ್‌ಸ್ಟನ್ ಅವರ ಲ್ಯಾಬುಗಳಲ್ಲಿ.

ಮಂಗ ಒಂದು ಪರದೆಯ ಮುಂದೆ ಕೂತಿದೆ. ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲೋ ಒಂದು ಕಡೆ ಇನ್ನೊಂದು ಚುಕ್ಕಿ ಮಿನುಗಿ ಮಾಯವಾಗುತ್ತದೆ. ಕೆಲವು ಸೆಕೆಂಡು ಪರದೆಯಲ್ಲಿ ಬೇರೇನೂ ಇಲ್ಲ. ನಡುವಿನ ಚುಕ್ಕಿ ಆರಿದ ತಕ್ಷಣ, ಆ ಮಾಯವಾದ ಚುಕ್ಕಿ ಎಲ್ಲಿತ್ತೋ ಅಲ್ಲಿಗೆ ಕಣ್ಣು ಹಾಯಿಸಬೇಕು. ಸರಿಯಾದರೆ ಹಣ್ಣಿನ ರಸ ಸಿಗುತ್ತದೆ. ಆ ಖಾಲಿ ಸೆಕೆಂಡುಗಳಲ್ಲಿ ಮೆದುಳಿನ ಕೆಲವು ಕೋಶಗಳು ನಿಲ್ಲದೆ ಮಿಡಿಯುತ್ತವೆ. ಒಂದೊಂದು ಕೋಶಕ್ಕೆ ಒಂದೊಂದು ದಿಕ್ಕು. ಬಲದ ಚುಕ್ಕಿಯ ಕೋಶ ಬಲದ ಚುಕ್ಕಿಗೇ ಜೋರಾಗಿ ಮಿಡಿಯುತ್ತದೆ. ನೆನಪನ್ನು ಹಿಡಿದಿಟ್ಟುಕೊಳ್ಳುವುದು ಅಂದರೆ ಇದೇ.

ಸುಶೀಲ್ ವಿಜಯರಾಘವನ್, ಆರ್ನ್‌ಸ್ಟನ್ ಮತ್ತಿತರರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಥ ಒಂದೊಂದೇ ಕೋಶದ ಪಕ್ಕಕ್ಕೆ ಗಾಜಿನ ಸಣ್ಣ ಕೊಳವೆ ಇಳಿಸಿದರು. ಒಂದೇ ಕೊಳವೆಯಲ್ಲಿ ಮಿಡಿತ ಕೇಳುವ ತಂತುವೂ ಇದೆ, ಔಷಧಿ ತುಂಬಿದ ನಳಿಗೆಗಳೂ ಇವೆ. ಅತಿ ಸಣ್ಣ ವಿದ್ಯುತ್ ಹಾಯಿಸಿದಷ್ಟು ಔಷಧಿ ಹೊರಗೆ ಬರುತ್ತದೆ. ಹಾಕಿದ್ದು ಎಸ್‌ಕೆಎಫ್-81297, ಡಿ1 ಅಗೋನಿಸ್ಟ್. ಸ್ವಲ್ಪವೇ ಬಿಟ್ಟಾಗ, ಎಡಕ್ಕೆ ಮೇಲಕ್ಕೆ ಕೆಳಕ್ಕೆ ಚುಕ್ಕಿ ಬಂದಾಗಲೂ ಆ ಬಲದ ಕೋಶ ಸುಮ್ನೆ ಮಿಡಿಯುತ್ತಿತ್ತಲ್ಲ, ಆ ಅನಗತ್ಯ ಮಿಡಿತ ನಿಂತಿತು, ಬಲದ್ದು ಉಳಿಯಿತು. ನೆನಪು ಚೂಪಾಯಿತು ಅನ್ನಬಹುದು. ವಿದ್ಯುತ್ ಏರಿಸಿ ಔಷಧಿ ಇನ್ನಷ್ಟು ಬಿಟ್ಟಾಗ ಬಲದ ಮಿಡಿತವೂ ಇಳಿದುಹೋಯಿತು. ಕೋಶ, ಔಷಧಿ, ರಿಸೆಪ್ಟರ್ ಯಾವುದೂ ಬದಲಾಗಿಲ್ಲ. ಬದಲಾದದ್ದು ಎಷ್ಟು ಅನ್ನುವುದು ಮಾತ್ರ. ಅದಕ್ಕೂ ಹತ್ತು ವರ್ಷ ಮೊದಲು, 1997ರಲ್ಲಿ, ಇದೇ ಔಷಧಿಯನ್ನು ಇಲಿಗಳ ಮೆದುಳಿನ ಮುಂಭಾಗಕ್ಕೆ ಜಾಸ್ತಿ ಬಿಟ್ಟಾಗ ಅವು ದಾರಿ ನೆನಪಿನ ಪರೀಕ್ಷೆಯಲ್ಲಿ ತಪ್ಪು ಮಾಡಿದ್ದವು. ಡೋಪಮೀನ್ ತೀರಾ ಇಲ್ಲದಿದ್ದರೂ ಹಾಗೇ ಆಗುತ್ತದೆ ಎನ್ನುವುದು 1979ರಲ್ಲೇ ಮಂಗಗಳಲ್ಲಿ ಗೊತ್ತಾಗಿತ್ತು. ಬೋರ್ಡಿನ ಮೇಲೆ ಗೆರೆ ಎಳೆದರೆ ಗುಡ್ಡದ ಹಾಗೆ ಏರಿ ಇಳಿಯುತ್ತದೆ. ಪರೀಕ್ಷೆಯ ಹಾಲಿನಲ್ಲಿ ಗಾಬರಿಯಾದಾಗ ಓದಿದ್ದೆಲ್ಲ ಮರೆತುಹೋಗುತ್ತದಲ್ಲ, ಆರ್ನ್‌ಸ್ಟನ್ ಅವರ ವಿವರಣೆಯ ಪ್ರಕಾರ ಒತ್ತಡದಲ್ಲಿ ಆ ಭಾಗಕ್ಕೆ ಡೋಪಮೀನ್ ಅತಿಯಾಗಿ ಬರುವುದೂ ಅದಕ್ಕೆ ಒಂದು ಕಾರಣ.

ಇದು ಔಷಧಿ ಮಾಡುವವರಿಗೆ ನಿಜವಾದ ತಲೆನೋವು. ಕೈಕಾಲಿಗೆ ಸಾಕಾಗುವ ಡೋಸ್ ನೆನಪಿಗೆ ಜಾಸ್ತಿಯಾದರೆ? ಇನ್ನೊಂದು ಕಡೆ, ಪ್ರತಿದಿನ ಕೊಡಲೇಬೇಕೆಂದೂ ಇಲ್ಲವೇನೋ ಅನ್ನಿಸುವಂಥ ಫಲಿತಾಂಶವೂ ಇದೆ. 2000ದಲ್ಲಿ ಕ್ಯಾಸ್ಟ್ನರ್ ಮತ್ತು ಗೋಲ್ಡ್‌ಮನ್-ರಾಕಿಚ್ ತಂಡ, ಹ್ಯಾಲೊಪೆರಿಡಾಲ್ ಅನ್ನುವ ಮನೋರೋಗದ ಔಷಧಿ ಕೊಟ್ಟು ನೆನಪು ಕೆಟ್ಟಿದ್ದ ಮಂಗಗಳಿಗೆ ಎಬಿಟಿ-431 ಅನ್ನು ಸ್ವಲ್ಪ ಕಾಲ, ಬಿಟ್ಟು ಬಿಟ್ಟು ಕೊಟ್ಟಿತು. ಔಷಧಿ ನಿಲ್ಲಿಸಿ ಒಂದು ವರ್ಷ ದಾಟಿದರೂ ಸುಧಾರಣೆ ಉಳಿದಿತ್ತು. ನನಗೆ ಈ ಫಲಿತಾಂಶ ಇನ್ನೂ ಬೆರಗು ಹುಟ್ಟಿಸುತ್ತದೆ. ಇದರ ಬೆನ್ನು ಹತ್ತಿ ಇನ್ನೂ ಜಾಸ್ತಿ ಕೆಲಸ ಆಗಬೇಕಿತ್ತು ಅಂತ ಬೇಸರವೂ ಇದೆ.

ಕ್ಯಾಟೆಕಾಲ್ ಬೇಕೇ ಬೇಕು ಅನ್ನುವ ನಂಬಿಕೆ ಮುರಿದದ್ದು ಫೈಜರ್ ಕಂಪನಿಯ ಲ್ಯಾಬಿನಲ್ಲಿ. ಅದಿಲ್ಲದ ಡಿ1 ಅಗೋನಿಸ್ಟ್‌ಗಳ ವಿವರವನ್ನು ಅವರು 2018ರಲ್ಲಿ ಪ್ರಕಟಿಸಿದರು. ಹೊಟ್ಟೆಯಲ್ಲಿ ಮುರಿಯುವುದಿಲ್ಲ, ಮೆದುಳಿಗೆ ಹೋಗುತ್ತವೆ, ರಿಸೆಪ್ಟರನ್ನು ಒಳಕ್ಕೆ ಎಳೆಸುವುದೂ ಕಮ್ಮಿ. ಅದೇ ಕುಟುಂಬದ ಟಾವಪಡಾನ್ ಮುಂದೆ ಸೆರೆವೆಲ್ ಕಂಪನಿಗೆ, 2024ರಲ್ಲಿ ಆ ಕಂಪನಿಯ ಜೊತೆಗೇ ಆಬ್‌ವೀ ಕೈಗೆ ಹೋಯಿತು. ಇದು ಡಿ1, ಡಿ5 ಎರಡಕ್ಕೂ ಪಾರ್ಷಿಯಲ್ ಅಗೋನಿಸ್ಟ್, ದಿನಕ್ಕೆ ಒಂದೇ ಮಾತ್ರೆ. ಮತ್ತೆ ಪಾರ್ಷಿಯಲ್ಲೇ ಬಂತಲ್ಲ ಅಂತ ನೀವು ಕೇಳಬೇಕು. ಬಂತು, ಆದರೆ ಹಳೆಯದರಷ್ಟು ದುರ್ಬಲ ಅಲ್ಲ. ಕೈಕಾಲು ಆಡಿಸುವಷ್ಟು ಬಲ ಇದೆ. ರಿಸೆಪ್ಟರನ್ನು ಮುಳುಗಿಸಿಬಿಡುವಷ್ಟು ಇಲ್ಲ.

ಅಂಕಿ ಹೇಳುತ್ತೇನೆ. ಲೆವೊಡೋಪಾ ತಗೊಳ್ಳುತ್ತಿದ್ದರೂ ದಿನದಲ್ಲಿ ಚಲನೆಯ ಏರಿಳಿತ ಇದ್ದ 507 ಜನರ ಮೇಲೆ 27 ವಾರ ನಡೆದ ಪ್ರಯೋಗದಲ್ಲಿ, ಮೈ ಹೊರಳಾಟದ ಕಾಟವಿಲ್ಲದೆ ಚೆನ್ನಾಗಿ ಓಡಾಡುವ ಹೊತ್ತು ದಿನಕ್ಕೆ 1.7 ಗಂಟೆ ಹೆಚ್ಚಿತು. ಔಷಧಿಯಿಲ್ಲದ ಮಾತ್ರೆ ತಗೊಂಡವರಲ್ಲಿ 0.6 ಗಂಟೆ. ಅಂದರೆ ಔಷಧಿಯಿಂದ ಆದ ಲಾಭ 1.1 ಗಂಟೆ. ರೋಗ ಶುರುವಾದ ಹೊಸದರಲ್ಲೇ ಇದನ್ನೊಂದನ್ನೇ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಚಲನೆ ಮತ್ತು ದಿನದ ಕೆಲಸಗಳ ಅಂಕ 5 ಮಿಲಿಗ್ರಾಂಗೆ 9.7, 15 ಮಿಲಿಗ್ರಾಂಗೆ 10.2ರಷ್ಟು ಸುಧಾರಿಸಿತು. ಔಷಧಿಯಿಲ್ಲದವರಲ್ಲಿ 1.8ರಷ್ಟು ಹದಗೆಟ್ಟಿತು. ಡೋಸ್ ಮೂರು ಪಟ್ಟಾದರೂ ಲಾಭ ಅಲ್ಲಲ್ಲೇ ಇದೆ, ನೋಡಿದಿರಾ? ವಾಕರಿಕೆ, ತಲೆನೋವು, ತಲೆಸುತ್ತು ಇವು ಕಂಡ ಅಡ್ಡಪರಿಣಾಮಗಳು.

ದಿನಕ್ಕೆ ಒಂದು ಗಂಟೆ ಅಂದರೆ ಇಷ್ಟೇನಾ ಅಂತ ಮುಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿಯೊಬ್ಬರು ಕೇಳಿದರು. ಅಪ್ಪನನ್ನು ನೋಡಿಕೊಳ್ಳುತ್ತಿರುವ ಹಿಂದಿನ ಸಾಲಿನವರೇ ಅವರಿಗೆ ಉತ್ತರ ಕೊಟ್ಟರು. ಆ ಒಂದು ಗಂಟೆಯಲ್ಲಿ ಸ್ನಾನ, ತಿಂಡಿ ಎರಡೂ ತಾವೇ ಮುಗಿಸಿಕೊಳ್ಳಬಹುದು ಅಂದರು. ನಾನು ಸೇರಿಸುವುದು ಏನೂ ಇರಲಿಲ್ಲ.

ನೆನಪಿನ ವಿಷಯದಲ್ಲಿ ಇನ್ನೂ ಭರವಸೆ ಕೊಡುವಂತಿಲ್ಲ. ಇದೇ ಕುಟುಂಬದ ಇನ್ನೊಂದು ಔಷಧಿಯನ್ನು ಸ್ಕಿಜೋಫ್ರೇನಿಯಾ ಅನ್ನುವ ಮನೋರೋಗ ಇರುವವರಿಗೆ ಕೊಟ್ಟಾಗ ಯೋಚನಾಶಕ್ತಿ ಸುಧಾರಿಸಲಿಲ್ಲ. ಅದೇ ಔಷಧಿಯನ್ನು ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾರ್ಕಿನ್ಸನ್ ತುಂಬ ಮುಂದುವರಿದ ಬೆರಳೆಣಿಕೆಯ ರೋಗಿಗಳಿಗೆ ಕೊಟ್ಟಾಗ, ಜಾಸ್ತಿ ಎಚ್ಚರವಾಗಿದ್ದಾರೆ ಅನ್ನುವ ಮಾತು ಬಂತು. ಸಣ್ಣ ಪ್ರಯೋಗ, ದೊಡ್ಡದು ಆಗಬೇಕು.

ಈಗ ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದ್ದು: "ಸರ್, ನಮ್ಮ ಯಜಮಾನ್ರು ಜನ್ಮದಲ್ಲಿ ಇಸ್ಪೀಟು ಮುಟ್ಟಿದವರಲ್ಲ. ಈ ಮಾತ್ರೆ ಶುರುವಾದ ಮೇಲೆ ರಾತ್ರಿಯೆಲ್ಲ ಮೊಬೈಲಲ್ಲಿ ರಮ್ಮಿ ಆಡ್ತಾರೆ. ಹೇಳೋಕೆ ನಾಚಿಕೆ ಆಗುತ್ತೆ."

ನಾಚಿಕೆ ಬೇಡಮ್ಮ. ಅದು ಅವರ ಗುಣ ಕೆಟ್ಟದ್ದಲ್ಲ, ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಡಿ2, ಡಿ3 ಮಾತ್ರೆಯಿಂದ ಹೀಗಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ನಾಳೆಯೇ ನಿಮ್ಮ ನ್ಯೂರಾಲಜಿಸ್ಟ್‌ಗೆ ಹೇಳಿ. ಆದರೆ ಮಾತ್ರೆಯನ್ನು ನೀವೇ ದಿಢೀರ್ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಗಾಬರಿ, ಖಿನ್ನತೆ, ಬೆವರು ಎಲ್ಲ ಬರಬಹುದು. ಅವರು ಹಂತಹಂತವಾಗಿ ಇಳಿಸುತ್ತಾರೆ. ಬ್ಯಾಂಕಿನ ಆಪ್, ಎಟಿಎಂ ಕಾರ್ಡು ಅಲ್ಲಿವರೆಗೆ ನಿಮ್ಮ ಹತ್ತಿರ ಇರಲಿ.

ಇನ್ನೊಬ್ಬರು ಕೇಳಿದ್ದು ನಸುಗುನ್ನಿ ಬೀಜದ ಪುಡಿಯ ಬಗ್ಗೆ. ಅದರಲ್ಲಿ ಲೆವೊಡೋಪಾ ಇರುವುದು ನಿಜ. ಮದ್ರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಆ ಬೀಜದಿಂದ ಅದನ್ನು ಬೇರ್ಪಡಿಸಿದ್ದರು. ಆದರೆ ಒಂದು ಚಮಚ ಪುಡಿಯಲ್ಲಿ ಎಷ್ಟು ಇದೆ ಎನ್ನುವುದು ಬೀಜದಿಂದ ಬೀಜಕ್ಕೆ ಬೇರೆ. ಸಿಂಡೋಪಾ ಜೊತೆ ಅದನ್ನೂ ತಗೊಂಡು ಮೈ ಹೊರಳಾಟ ಜಾಸ್ತಿಯಾದರೆ ಯಾವುದರಿಂದ ಆಯಿತು ಅಂತ ವೈದ್ಯರಿಗೂ ಗೊತ್ತಾಗುವುದಿಲ್ಲ. ಈಗಾಗಲೇ ತಗೊಳ್ಳುತ್ತಿದ್ದರೆ ಮುಚ್ಚಿಡಬೇಡಿ, ಮುಂದಿನ ಸಲ ಹೋಗುವಾಗ ಆ ಡಬ್ಬಿಯನ್ನೂ ಮಾತ್ರೆಗಳ ಜೊತೆ ಚೀಲಕ್ಕೆ ಹಾಕಿಕೊಂಡು ಹೋಗಿ, ದಿನಕ್ಕೆ ಎಷ್ಟು ಚಮಚ, ಯಾವ ಹೊತ್ತಿಗೆ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ.